ಹನ್ನೆರಡನೆಯ ಕಂತು

ಕಾರ್ಕಳ
೧೨ ಆಗಸ್ಟ್ ೨೦೨೫, ಮಂಗಳವಾರ

ಪ್ರೀತಿಯ ಗಾನು,

ಹೇಗಿದ್ದೀ ಮಗಾ? ಕೆಮ್ಮು ಕಡಿಮೆಯಾಯಿತಾ? ಹಾಸ್ಟೆಲಿನಲ್ಲಿ ಬಟ್ಟೆ ಒಣಗುವುದಿಲ್ಲ ಎಂದಿದ್ದೆ. ಒದ್ದೆ ಬಟ್ಟೆಯಲ್ಲಿ ವಾರ್ಡಿಗೆ ಹೋಗಬೇಡ. ನಿನ್ನ ಸುದ್ದಿಯೆಲ್ಲ ನನಗೆ ರಿಝಾನಾಳಿಂದ ತಿಳಿಯುತ್ತದೆ. ನಿನ್ನ ರೂಂಮೇಟನ್ನು ಗೂಢಚಾರಿಣಿ ಮಾಡಿಕೊಂಡೆನೆಂದು ಸಿಟ್ಟಾಗಬೇಡ. "ಊಟ ಮಾಡ್ತಾಳೆ ಆಂಟಿ, ಮಾತು ಮಾತ್ರ ಇಲ್ಲ. ಈ ವಾರವೂ ಕಾಪುವಿಗೆ ನಮ್ಮ ಮನೆಗೇ ಕರ್ಕೊಂಡು ಹೋಗ್ತೇನೆ, ನೀವು ಟೆನ್ಶನ್ ಮಾಡ್ಬೇಡಿ" ಎಂದಳು. ಅವಳ ಅಮ್ಮ ಖದೀಜಮ್ಮನಿಗೆ ನನ್ನ ನಮಸ್ಕಾರ ಹೇಳು. ಮಣಿಪಾಲದಿಂದ ಕಾಪುವಿಗೆ ಸಿಗುವ ಬಸ್ಸು ಕಾರ್ಕಳಕ್ಕೆ ಸಿಗುವುದಿಲ್ಲವೇ ಎಂದು ಕೇಳುವ ಹಕ್ಕು ನನಗಿಲ್ಲ.

ನಾವು ಮಾತಾಡುವುದು ತುಳು, ಮೆಸೇಜ್ ಮಾಡುವುದು ಇಂಗ್ಲಿಷ್. ಇದನ್ನೂ ಇಂಗ್ಲಿಷಿನಲ್ಲಿ ಎರಡು ಸಲ ಟೈಪ್ ಮಾಡಿ ಅಳಿಸಿದೆ. ಅದರಲ್ಲಿ 'ಸಾರಿ' ಎಂಬುದು ತೀರಾ ಸಲೀಸಾಗಿ ಬರುತ್ತದೆ. ಕನ್ನಡದಲ್ಲಿ ನನ್ನ ಕೈ ನಿಧಾನ. ಹಾಗಾಗಿ ಯೋಚನೆಯೂ ನಿಧಾನವಾಗಿ ಮಾಡಬೇಕಾಗುತ್ತದೆ.

ಜೂನ್ ತಿಂಗಳ ಆ ಬೆಳಿಗ್ಗೆಯನ್ನೇ ಯೋಚಿಸುತ್ತಿದ್ದೇನೆ. "ನನ್ನಿಂದ ಈ ಎಂಬಿಬಿಎಸ್ ಆಗುವುದಿಲ್ಲಮ್ಮಾ. ಬಿಡ್ಲಿಕ್ಕೂ ಆಗುವುದಿಲ್ಲ. 'ಗಾನು ಡಾಕ್ಟರ್ ಆಗಲಿ' ಅಂತ ಅಣ್ಣ ಸಾಯುವಾಗ ಹೇಳಿದ ಮಾತು ಉಂಟಲ್ಲ" ಎಂದೆ ನೀನು. ನಾನು ನಿನ್ನ ಕೈ ಹಿಡಿಯುವ ಬದಲು ಆ ಮಾತನ್ನೇ ಹಿಡಿದುಕೊಂಡೆ. ಅನಂತೇಶ ಹೋದ ಮೇಲೆ ನೀನು ಎಷ್ಟು ಬೆಳೆದೆ, ಅವನ ಸಾವು ನಿನ್ನನ್ನು ಹೇಗೆ ಗಟ್ಟಿ ಮಾಡಿತು ಎಂದು, ನನ್ನ ಶಾಲೆಯ ಮಕ್ಕಳಿಗೆ ಹೇಳುವ ಸ್ವರದಲ್ಲಿ ಹೇಳಿದೆ. ನೀನು ಬ್ಯಾಗ್ ಎತ್ತಿಕೊಂಡೆ. "ನಾನೆಂತ ಆ ದೋಣಿ ಹುಡುಗಿಯಾ? ನಾನು ಬೆಳೀಲಿ ಅಂತ ಅಣ್ಣ ಆರನೇ ಕಂತಲ್ಲಿ ಸತ್ತದ್ದಾ?" ಎಂದು ಕೇಳಿದೆ. ನಾನು ಪೆದ್ದಿಯ ಹಾಗೆ "ಯಾವ ಹುಡುಗಿ?" ಎಂದೆ. ನೀನು ನಕ್ಕು ಹೊರಟೆ. ಆ ನಗು ಇನ್ನೂ ಕಿವಿಯಲ್ಲಿದೆ.

ನೀನು ಹೋದ ಮೇಲೆ ಅವನ ಲ್ಯಾಪ್‌ಟಾಪ್ ತೆರೆದೆ. 'ಗಾನು ಜೊತೆ' ಎಂಬ ಫೋಲ್ಡರಿನಲ್ಲಿ ಹನ್ನೆರಡು ಕಂತುಗಳಿದ್ದವು, ನೀವಿಬ್ಬರೂ ಸೇರಿ ನೋಡಿದ ಹನ್ನೊಂದರ ಹೆಸರಿಗೂ ಒಂದೊಂದು ಟಿಕ್ ಗುರುತು. ಆಸ್ಪತ್ರೆಯ ಮಂಚದಲ್ಲಿ ಒಂದೇ ಇಯರ್‌ಫೋನ್ ಹಂಚಿಕೊಂಡು ನೀವಿಬ್ಬರೂ ನೋಡುತ್ತಿದ್ದಾಗ "ಪುನಃ ಆ ಕಾರ್ಟೂನಾ, ಅವಳಿಗೆ ಪರೀಕ್ಷೆ ಉಂಟು" ಎಂದು ನಾನು ಗದರಿದರೆ, ಅವನು "ಕಾರ್ಟೂನ್ ಅಲ್ಲಮ್ಮಾ, ಅನಿಮೆ" ಎಂದು ತಿದ್ದುತ್ತಿದ್ದ. ಆಮೇಲೆ ನಿನ್ನ ಕಡೆ ತಿರುಗಿ, "ಈ ದೋಣಿಯವ ಭಾರೀ ಒಳ್ಳೆಯವ ಮಾರಾಯ್ತಿ. ಇವನ ಟಿಕೆಟ್ ಬುಕ್ ಆಯ್ತು!" ಸರಿಯಾಗಿಯೇ ಹೇಳಿದ್ದ. ಸಮುದ್ರಕ್ಕೆ ಹೆದರುವ ಹುಡುಗಿಗೆ ತನ್ನ ಅನ್ನದಲ್ಲಿ ಅರ್ಧ ಕೊಡುವ ಆ ದೋಣಿಯವ ಆರನೆಯ ಕಂತಿನಲ್ಲಿ ಸಾಯುತ್ತಾನೆ. ಏಳರಲ್ಲಿ ಅವಳು ಅವನ ದೋಣಿಯಲ್ಲಿ ಕೂರುತ್ತಾಳೆ. ಹನ್ನೊಂದರಲ್ಲಿ ಬಿರುಗಾಳಿಯೊಳಗೆ ಊರಿನ ಮಕ್ಕಳನ್ನೆಲ್ಲ ದಾಟಿಸುತ್ತಾಳೆ. ನಾನು ಅತ್ತೆ, ಮೆಚ್ಚಿದೆ. ಆಮೇಲೆ ಆರನೆಯದನ್ನು ಮತ್ತೆ ನೋಡಿದೆ. ಸಾಯುವ ಮೊದಲು ಆ ದೋಣಿಯವ ತನಗಾಗಿ ಒಂದು ಸಣ್ಣ ಸ್ಟೂಲು ಮಾಡುತ್ತಿದ್ದ, ನಾಲ್ಕರಲ್ಲಿ ಮೂರು ಕಾಲು ಆಗಿತ್ತು. ಮುಂದೆ ಅದೇನಾಯಿತೆಂದು ಯಾರೂ ಕೇಳುವುದಿಲ್ಲ. ಅವನಿಗೂ ಮರುದಿನ ಏನೋ ಕೆಲಸವಿತ್ತು ಗಾನು. ಕಥೆಗೆ ಅದು ಬೇಕಾಗಿರಲಿಲ್ಲ. ಅನಂತೇಶನ ವಿಷಯದಲ್ಲಿ ನಾನು ಮಾಡಿದ್ದೂ ಇದೇ ಅಲ್ಲವೇ? ಹನ್ನೆರಡನೆಯದನ್ನು ನಾನು ತೆರೆಯಲಿಲ್ಲ.

ಮೊನ್ನೆ ಭಾನುವಾರ, ಆಟಿ ತಿಂಗಳಲ್ಲಿ ತೀರಿಹೋದವರಿಗೆ ಇಡುವ ಎಲೆ ಬಡಿಸಿದೆವು. ಹೋದ ಎರಡು ವರ್ಷವೂ ಅವನ ಹೆಸರಿನ ಎಲೆಗೆ ಪತ್ರೊಡೆ, ಕೋಳಿ ಸಾರು ಬಡಿಸಿ, ಅವನು ಉಣ್ಣಲೆಂದು ಬಾಗಿಲು ಎಳೆಯುವ ಮೊದಲು ನಾನು ಕೈಮುಗಿದು, "ಮಗಾ, ನಿನ್ನ ಮಾತನ್ನು ತಂಗಿ ನಡೆಸುತ್ತಿದ್ದಾಳೆ" ಎಂದು ಹೇಳಿದ್ದೆ. ನೀನು ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದೆ. ಈ ಸಲ ನೀನಿರಲಿಲ್ಲ. ನಾನು ಕೈಮುಗಿದೆ. "ಹೇಳು ಸುಭಾ, ಸಾರು ತಣಿಯುತ್ತದೆ" ಎಂದರು ಅಪ್ಪ. ಏನೂ ಹೇಳದೆ ಬಾಗಿಲು ಎಳೆದೆ. ಮುಚ್ಚಿದ ಬಾಗಿಲಿನ ಹೊರಗೆ ಕೂತಾಗ, ಒಳಗೆ ಅವನು ನನ್ನ ಮುಖ ನೋಡದೆ ಉಣ್ಣುತ್ತಿದ್ದಾನೆ ಎಂದೇ ಅನಿಸಿತು.

ಅಪ್ಪ ನಿನ್ನ ಕೋಣೆಯ ಫ್ಯಾನ್ ರಿಪೇರಿ ಮಾಡಿಸಿದ್ದಾರೆ. ಅದನ್ನೇ ಅವರ ಆಶೀರ್ವಾದ ಎಂದು ತಿಳಿದುಕೋ. ನನ್ನದಕ್ಕೆ ಬೆಲೆ ಉಂಟೋ ಇಲ್ಲವೋ, ಪೂರ್ತಿ ಕಳುಹಿಸಿದ್ದೇನೆ. ತಲೆಗೆ ಎಣ್ಣೆ ಹಚ್ಚು.

ನಿನ್ನ ಅಮ್ಮ,
ಸುಭಾಷಿಣಿ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಪ್ಪ ನಿನಗೆ ಇದನ್ನೂ ಲ್ಯಾಪ್‌ಟಾಪನ್ನೂ ಕೊಡಲು ಚಪ್ಪಲಿ ಹಾಕಿ ನಿಂತಿದ್ದಾರೆ, ಬಸ್ಸಿಗೆ ಹೊತ್ತಾಯಿತು. 'ಗಾನು ಡಾಕ್ಟರ್ ಆಗಲಿ' ಎಂದು ಅನಂತೇಶ ಹೇಳಲೇ ಇಲ್ಲ. ಅದು ನಾನು ಕಟ್ಟಿದ ಮಾತು. ಅವನು ಹೋದ ಮೇಲೆ ಮೂರು ವಾರ ಪುಸ್ತಕ ಮುಟ್ಟದೆ ಗೋಡೆಗೆ ಮುಖ ಮಾಡಿ ಮಲಗಿದ್ದವಳು ನೀನು, "ಅಣ್ಣ ನನಗೇನಾದ್ರೂ ಹೇಳಿದ್ನಾ?" ಎಂದು ಕೇಳಿದೆ. ಅವನು ಹೇಳಿದ್ದು ನನಗೆ ತೀರಾ ಸಣ್ಣದಾಗಿ ಕಂಡಿತು. ಅಪ್ಪನಿಗೂ ಇವತ್ತು ಸಂಜೆ ತಿಳಿಸುತ್ತೇನೆ. ಕೋರ್ಸ್ ಬಿಡುವುದೋ ಮುಂದುವರಿಸುವುದೋ, ನಿನ್ನದೇ ಇಷ್ಟ. ಹೋಗುವ ದಿನ ಬೆಳಿಗ್ಗೆ ಆಕ್ಸಿಜನ್ ಮಾಸ್ಕ್ ಸರಿಸಿ ಅವನು ಹೇಳಿದ್ದು ಇಷ್ಟೇ: "ಹನ್ನೆರಡನೆಯದ್ದು ಗಾನು ಒಬ್ಬಳೇ ನೋಡ್ಲಿ ಅಮ್ಮಾ. ನನಗೋಸ್ಕರ ಕಾಯುವುದು ಬೇಡ ಅಂತ ಹೇಳು."