ಅಪ್ಪನ ಕೋಣೆಗೆ ಏಸಿ

ಕಾಂತ,

ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ ಅಂತೆ, ಶಾಲೆಗೆ ಬೇಗ ಹೊರಟೆ. ಏಸಿ ಅಂಗಡಿಯವನು ಹನ್ನೊಂದಕ್ಕೆ ಬರುತ್ತಾನೆ. ಈ ಸಲ ವಾಪಸು ಕಳಿಸುವುದು ಬೇಡ, ಅಪ್ಪನ ಕೋಣೆಗೆ ಹಾಕಿಸಿಬಿಡು. ಗೋಡೆ ಕೊರೆಯಲು ಓನರ್ ಒಪ್ಪಿದ್ದಾರೆ. ಕೊರೆಯುವಾಗ ಅಪ್ಪನನ್ನು ಹಾಲ್‌ಗೆ ಎತ್ತಿಕೊಂಡು ಬಾ, ಧೂಳಿಗೆ ಕೆಮ್ಮು ಬರುತ್ತದೆ. ಕುಕ್ಕರಿನಲ್ಲಿ ಗಂಜಿ ಇದೆ, ತೆಳ್ಳಗೆ ಮಾಡಿ ಕುಡಿಸು. ನೀನೂ ತಿನ್ನು.

"ಕರೆಂಟ್ ಬಿಲ್ಲಿಗೆ ಹೆದರ್ತೀಯ ಬಿಡಕ್ಕ" ಅಂತ ರೇಗಿಸುತ್ತಿದ್ದೆಯಲ್ಲ. ಬಿಲ್ಲಿಗಲ್ಲ ಕಣೋ. ಏಸಿ ಬಂದರೆ ಬಾಗಿಲು ಮುಚ್ಚಬೇಕು. ಮಾತು ನಿಂತ ಮೇಲೆ ಅಪ್ಪ ನಮ್ಮನ್ನು ಕರೆಯುವುದು ಮಂಚದ ಕಂಬಿಗೆ ಉಂಗುರ ತಟ್ಟಿ. ಬಾಗಿಲು ಮುಚ್ಚಿದರೆ ಅದು ಅಡುಗೆಮನೆಗೆ ಕೇಳಿಸುವುದಿಲ್ಲ ಎಂದೇ ಇಷ್ಟು ದಿನ ಬೇಡ ಅಂದೆ.

ನಿನ್ನೆ ಸಂಜೆ ಕರೆಂಟ್ ಹೋದಾಗ ಪಕ್ಕದಲ್ಲೇ ಕೂತು ಬೀಸಣಿಗೆ ಬೀಸುತ್ತಿದ್ದೆ. ಫ್ಯಾನಿನ ಸದ್ದೂ ಇರಲಿಲ್ಲ. ಅಪ್ಪನ ಬೆರಳು ಕಂಬಿಯ ಮೇಲೆ ಅಲ್ಲಾಡುತ್ತಿತ್ತು, ಉಂಗುರ ತಟ್ಟುವಷ್ಟು ಬಲವಿಲ್ಲದೆ ಸದ್ದು ಮಾತ್ರ ಬರಲಿಲ್ಲ. ಎಷ್ಟು ಹೊತ್ತಿನಿಂದ ಕರೆಯುತ್ತಿದ್ದರೋ. ಇನ್ನು ಬಾಗಿಲು ತೆರೆದಿಟ್ಟು ಏನು ಬಂತು? ಇವತ್ತಿನಿಂದ ನನ್ನ ಹಾಸಿಗೆ ಆ ಕೋಣೆಯಲ್ಲೇ.

ಇನ್ನೊಂದು. ತಂಪು ಮಾತ್ರ ಕೊಡುವ ಏಸಿಯೂ ಇದೆ, ಚಳಿಗೆ ಬಿಸಿಗಾಳಿಯನ್ನೂ ಕೊಡುವುದೂ ಇದೆ. "ಬೆಂಗಳೂರಿಗೆ ಬಿಸಿದು ಯಾಕೆ ಮೇಡಂ, ದಂಡ" ಅನ್ನುತ್ತಾನೆ ಅಂಗಡಿಯವನು. ಈ ಬೇಸಿಗೆ ಕಳೆಯಲಿ, ಆಮೇಲೆ ನೋಡೋಣ ಎಂದು ಡಾಕ್ಟರು ಹೇಳಿದ್ದು ನನಗೂ ನೆನಪಿದೆ. ಆದರೂ ಎರಡೂ ಇರುವುದನ್ನೇ ಹಾಕಿಸು. ಡಿಸೆಂಬರಿನಲ್ಲಿ ಅಪ್ಪನಿಗೆ ಪಾದ ತಣ್ಣಗಾಗುತ್ತದೆ.

ಅಕ್ಕ