ಭಾನುವಾರ ಲೆಕ್ಕಕ್ಕಿಲ್ಲ

ಫೆಬ್ರವರಿ 18, ಬುಧವಾರ

ಜಪಸರ ಮುಗಿಯಿತು. ಎಂದಿನಂತೆ ಚಾಪೆ ಸುತ್ತಿಟ್ಟೆ. ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದೆ. ನನಗೆ ಹುಣಸೆಬೀಜ, ಅಪ್ಪನಿಗೆ ಬಳೆಚೂರು. ಕವಡೆ ಡಬ್ಬಿ ತಂದು ಕುಳಿತೆ. ಅಪ್ಪ ಗೋಡೆ ಬಿಟ್ಟು ಏಳಲಿಲ್ಲ. ಹಣೆಯ ಮೇಲೆ ಬೆಳಗ್ಗೆ ಚರ್ಚಿನ ಪೂಜೆಯಲ್ಲಿ ಹಚ್ಚಿದ ಬೂದಿ ಇನ್ನೂ ಇತ್ತು.

“ಪಾಸ್ಖ ಹಬ್ಬದ ತನಕ ಆಟ ಬಿಟ್ಟೀನಿ ಕಣೆ ಕೀರ್ತು.”

ತಮಾಷೆ ಅಂದುಕೊಂಡೆ.

“ತಪಸ್ಸುಕಾಲದಾಗೆ ಬಿಡೋದಾದ್ರೆ ಬಲು ಪ್ರೀತಿದ್ದು ಬಿಡ್ರಿ ಅಂತ ಫಾದರ್ ಹೇಳಿದ್ರಲ್ಲ. ಕುಡಿಯಲ್ಲ, ಸೇದಲ್ಲ. ಇನ್ನೇನೈತೆ ನನ್ನತ್ರ ಬಿಡಾಕೆ?”

ಮಟನ್ ಬಿಡಬಹುದಿತ್ತು. ಟೀ ಬಿಡಬಹುದಿತ್ತು! ನಮ್ಮಪ್ಪ, ಪಾಯಿಂಟ್ಸ್‌ಮ್ಯಾನ್ ಅರುಳಪ್ಪ, ಟೀ ಇಲ್ಲದೆ ಹಳಿ ದಾಟಲ್ಲ ಅಂತ ಚಿಕ್ಕಜಾಜೂರು ಸ್ಟೇಷನ್ನಿಗೆಲ್ಲ ಗೊತ್ತು. ಅದನ್ನು ಬಿಡಲ್ಲ. ನನ್ನ ಆಟ ಬಿಡ್ತಾನೆ.

ಪಾಸ್ಖ, ಅಂದರೆ ಈಸ್ಟರ್, ಮುಗಿದ ವಾರವೇ ಅಪ್ಪ ಸಕಲೇಶಪುರಕ್ಕೆ ಹೋಗಬೇಕು. ವರ್ಗದ ಆರ್ಡರ್ ಬಂದಾಗಿದೆ. ನನಗೆ ಮುಂದಿನ ವರ್ಷ ಟೆಂತ್, ಅದಕ್ಕೆ ನಾನೂ ಅಮ್ಮನೂ ಇಲ್ಲೇ ಕ್ವಾರ್ಟರ್ಸಿನಲ್ಲಿ. ಒಟ್ಟಿಗೆ ಇರುವುದೇ ಇನ್ನು ಇಷ್ಟು ದಿನ. ನನ್ನನ್ನು ಒಂದು ಮಾತು ಕೇಳಿದನಾ?

ಬರೆದ ಮನೆಯನ್ನು ಕಾಲಲ್ಲೇ ಅಳಿಸಿದೆ.

ಫೆಬ್ರವರಿ 19

ರೇಣುಕಾ ಕ್ಲಾಸಿನಲ್ಲಿ ಕೇಳಿದಳು, “ನಿಮ್ಮಪ್ಪ ನಿನ್ನೆ ವಿಭೂತಿ ಹಚ್ಕಂಡಿದ್ರಲ್ಲ, ನಿಮ್ಮಲ್ಲೂ ಐತೇನೆ?” ಹೂಂ ಅಂದೆ. ಉಪವಾಸ ಮಾಡ್ತೀರಾ ಅಂದಳು. ನಮ್ಮಪ್ಪ ಮಗಳನ್ನು ಬಿಟ್ಟಿದಾನೆ ಅಂದೆ. ಅವಳಿಗೆ ಅರ್ಥವಾಗಲಿಲ್ಲ. ವಿವರಿಸುವಷ್ಟು ತಾಳ್ಮೆ ನನಗಿರಲಿಲ್ಲ.

ಫೆಬ್ರವರಿ 22, ಭಾನುವಾರ

ಸಿಕ್ಕಿತು! ದುರ್ಗದ ಚರ್ಚಿನಲ್ಲಿ ಪೂಜೆಯಾದ ಮೇಲೆ ಸಿಸ್ಟರ್ ಧರ್ಮೋಪದೇಶದ ಕ್ಲಾಸಿನಲ್ಲಿ ಹೇಳಿದರು. ತಪಸ್ಸುಕಾಲದ ನಲವತ್ತು ದಿನಕ್ಕೆ ಭಾನುವಾರ ಸೇರುವುದಿಲ್ಲವಂತೆ. ಭಾನುವಾರ ಕ್ರಿಸ್ತ ಎದ್ದ ದಿನ. ಅವತ್ತು ಉಪವಾಸ ಇಲ್ಲ.

ರೈಲಿನಲ್ಲಿ ಬರುವಾಗ ಮಾತು ಜೋಡಿಸಿಕೊಂಡು ಬಂದೆ. ಮನೆಗೆ ಬಂದವಳೇ ಹೇಳಿದೆ.

ಅಪ್ಪ ನಕ್ಕ. “ದೇವ್ರತ್ರಾನೂ ಚೌಕಾಸಿ ಮಾಡ್ತೀಯೇನೆ? ಬಿಟ್ಟೋನು ಬಿಟ್ಟಂಗಿರ್ಬೇಕು.”

ನಗು ಬೇರೆ! ಅಡುಗೆಮನೆಗೆ ಹೋಗಿ ತಟ್ಟೆ ಕುಕ್ಕಿದೆ. ಅಮ್ಮನ ಕೈಯಲ್ಲಿ ಬೈಸಿಕೊಂಡೆ.

ಮಾರ್ಚ್ 3

ಜಪಸರದಲ್ಲಿ ಐದು ರಹಸ್ಯ, ಅಂದರೆ ಐದು ಸುತ್ತು ಜಪ; ಐದನೆಯದನ್ನು ಹೇಳಿಸುವ ಸರದಿ ಯಾವತ್ತೂ ನನ್ನದು. ಮೊದಲನೆಯ ಪರಮ ಪ್ರಸಾದ ತೆಗೆದುಕೊಂಡ ವರ್ಷದಿಂದ. ಇವತ್ತು ನನ್ನ ಸರದಿ ಬಂದಾಗ ಬಾಯಿ ಬಿಡಲಿಲ್ಲ. ಅಮ್ಮ ತೊಡೆ ಚಿವುಟಿದಳು. ಬಿಡಲಿಲ್ಲ.

“ಯಾಕವ್ವ?” ಅಂದ ಅಪ್ಪ.

“ನಾನೂ ಬಲು ಪ್ರೀತಿದ್ದು ಬಿಟ್ಟಿದೀನಿ.”

ಅಪ್ಪನ ಮುಖ ಸಣ್ಣದಾಯಿತು. ಆಗಲಿ. ನನ್ನ ರಹಸ್ಯ ಅವನೇ ಹೇಳಿದ, ನಡುವೆ ಎರಡು ಸಲ ತಪ್ಪಿದ. ಆಟ ಇಲ್ಲದ ಮನೆಯಲ್ಲಿ ಜಪ ಮಾತ್ರ ಯಾಕಿರಬೇಕು? ನನಗೆ ಗೊತ್ತಿರುವಂತೆ ಅವೆರಡೂ ಒಂದರ ಹಿಂದೆ ಒಂದು ಬರುವಂಥವು.

ಮಾರ್ಚ್ 14

ಅಮ್ಮ ಇವತ್ತು ಬಾಯಿಬಿಟ್ಟಳು. ಬಟ್ಟೆ ಒಣಗಿಸುತ್ತಾ.

“ಸುಮ್ನೆ ಬಿಟ್ಟಿಲ್ಲ ಕಣೆ. ವರ್ಗ ಕ್ಯಾನ್ಸಲ್ ಆಗ್ಲಿ ಅಂತ ಹರಕೆ ಮಾಡ್ಕಂಡವ್ರೆ. ನಿನ್ನ ಬಿಟ್ಟು ಹೋಗಾಕೆ ಆಗಲ್ವಂತೆ. ನಾನು ಹೇಳ್ದೆ ಅನ್ಬೇಡ ಮತ್ತೆ.”

ಹೋಗಿ ಕಕ್ಕಸಿನ ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಇನ್ನೂ ಸಿಟ್ಟು ಬಂತು. ನನ್ನ ಜೊತೆ ಇರುವುದಕ್ಕೋಸ್ಕರ ನನ್ನ ಜೊತೆ ಇರುವುದನ್ನೇ ಬಿಟ್ಟನಾ? ಎಂಥ ತಲೆ ಇವನದು!

ಹೋಗಿ ಹೇಳಿಬಿಡಲಾ? ಇಲ್ಲ. ಅವನೇ ಬರಲಿ. ರಹಸ್ಯ ಇವತ್ತೂ ಹೇಳಲಿಲ್ಲ.

ಮಾರ್ಚ್ 27, ಶುಕ್ರವಾರ

ಕ್ಯಾನ್ಸಲ್ ಆಗಲಿಲ್ಲ. ಬದಲಿಗೆ ಮುಂಚೆಯೇ ಹೋಗಬೇಕಂತೆ. ಸೋಮವಾರ ಡ್ಯೂಟಿಗೆ ಹಾಜರ್. ಪಾಸ್ಖಕ್ಕೆ ಕೂಡ ಇರಲ್ಲ.

ದೇವರು ಆಟವನ್ನೂ ತೆಗೆದುಕೊಂಡ, ಅಪ್ಪನನ್ನೂ ತೆಗೆದುಕೊಂಡ. ಇದು ಯಾವ ನ್ಯಾಯ? ಅಂಗಡಿಯವನು ಹೀಗೆ ಮಾಡಿದ್ದರೆ ಬೀದಿಯಲ್ಲಿ ನಿಂತು ಜಗಳ ಆಡಬಹುದಿತ್ತು. ಯೇಸುವಿನ ಫೋಟೋ ಮುಂದೆ ನಿಂತು ನೋಡಿದೆ. ಅವನು ಸುಮ್ಮನೆ ಎದೆಯ ಮೇಲಿನ ಹೃದಯ ತೋರಿಸುತ್ತಾ ನಿಂತಿದ್ದಾನೆ.

ಅಪ್ಪ ಟ್ರಂಕಿಗೆ ಯೂನಿಫಾರಂ ತುಂಬುತ್ತಿದ್ದ. ನಾನು ದಾಟಿಕೊಂಡು ಹೋದೆ.

ಮಾರ್ಚ್ 29, ಗರಿಗಳ ಭಾನುವಾರ

ಬೇಗ ಬರೆಯಬೇಕು. ಮರೆತುಬಿಟ್ಟರೆ—

ಚರ್ಚಿನಿಂದ ಬಂದು ಅಪ್ಪ ಗರಿಯನ್ನು ಫೋಟೋಗೆ ಸಿಕ್ಕಿಸಿದ. ಆಮೇಲೆ ಸೀಮೆಸುಣ್ಣ ಹುಡುಕಿ, ನೆಲದ ಮೇಲೆ ಕುಳಿತು, ಅವನೇ ಮನೆ ಬರೆಯತೊಡಗಿದ. ಸೊಟ್ಟ ಸೊಟ್ಟ.

“ಸಿಸ್ಟರ್‌ನ ಕೇಳ್ದೆ. ನೀನು ಹೇಳಿದ್ದೇ ಸರಿ ಐತೆ. ಭಾನುವಾರ ಲೆಕ್ಕಕ್ಕಿಲ್ವಂತೆ. ಐದು ಭಾನುವಾರ ಹಾಳು ಮಾಡ್ಬಿಟ್ಟೆ ಕಣವ್ವ.”

ಅಷ್ಟೇ, ನನ್ನ ಬಾಯಿ ಕಟ್ಟೆ ಒಡೆಯಿತು. ಇಷ್ಟು ದಿನದ್ದೆಲ್ಲ ಅಂದೆ. ಪಕ್ಕದ ಕ್ವಾರ್ಟರ್ಸಿಗೂ ಕೇಳಿಸಿರಬೇಕು. “ನನ್ನ ಕೇಳ್ದೆ ನನ್ನ ಆಟ ದೇವರಿಗೆ ಯಾಕೆ ಕೊಟ್ಟೆ?”

ಅಪ್ಪ ಸೀಮೆಸುಣ್ಣ ಕೆಳಗಿಟ್ಟ. “ತಪ್ಪಾತು. ನಂದೊಬ್ಬಂದೇ ಅನ್ಕಂಡಿದ್ದೆ.”

ಎದುರು ಮಾತಾಡಿದ್ದರೆ ಚೆನ್ನಾಗಿತ್ತು. ಇನ್ನೂ ಬೇಕಾದಷ್ಟು ಮಾತಿತ್ತು ನನ್ನ ಹತ್ತಿರ.

“ಮೊದ್ಲು ಜಪಸರ,” ಅಂದೆ. ಮಧ್ಯಾಹ್ನದಲ್ಲೇ ಹೇಳಿದೆವು. ಐದನೆಯದು ನಾನೇ ಹೇಳಿದೆ. ಸಿಟ್ಟಿನಲ್ಲೇ, ಗಡಗಡ ಅಂತ. ಹೇಳಿದ್ದು ಹೇಳಿದ್ದೇ.

ಆಮೇಲೆ ಆಟ. ನಾನು ಬೇಕಂತಲೇ ಅವನ ಕಾಯಿಗಳನ್ನು ಅಟ್ಟಿಸಿಕೊಂಡು ಹೋಗಿ ಹೊಡೆದೆ. ಅವನೂ ಬಿಡಲಿಲ್ಲ. ಒಂದು ಸಲ ಅವನು ಹಾಕಿದ ನಾಲ್ಕರಲ್ಲಿ ಒಂದು ಕವಡೆ ಟ್ರಂಕಿಗೆ ಒರಗಿ ಓರೆಯಾಗಿ ನಿಂತಿತು. ನಾನು ಅದನ್ನೂ ಸೇರಿಸಿ ಚೌಕ, ನಾಲ್ಕು ಅಂತ ಒಪ್ಪಿಕೊಂಡೆ, ಅವನು ಒಪ್ಪಲಿಲ್ಲ. “ಗರದಾಗೆ ಸುಳ್ಳು ಬ್ಯಾಡ. ಜಪದಾಗೆಷ್ಟು ನಿಜ ಇರ್ತೀವೋ ಇದ್ರಾಗೂ ಅಷ್ಟೇ ಇರ್ಬೇಕು.” ಮತ್ತೆ ಹಾಕಿದ. ಎರಡು ಬಿತ್ತು.

ಸಂಜೆಯ ಹೊತ್ತಿಗೆ ಅವನ ಮೂರು ಕಾಯಿ ಹಣ್ಣಾಗಿದ್ದವು. ಕೊನೆಯದು ನಡುಮನೆಗೆ ಮೂರು ಮನೆ ದೂರ. ಮೂರು ಬಿದ್ದರೆ ಅವನು ಗೆದ್ದ, ಆಟ ಮುಗಿಯಿತು. ಗರ ಅವನದೇ. ಅಷ್ಟರಲ್ಲಿ ಅಮ್ಮ, “ಟ್ರೈನ್ ಟೈಮಾತು, ಏಳ್ರಿ” ಅಂದಳು.

ಕವಡೆಗಳನ್ನು ನನ್ನ ಅಂಗೈಗೆ ಹಾಕಿ ಬೆರಳು ಮಡಚಿದ. “ಇಟ್ಕಂಡಿರು.”

ಪ್ಲಾಟ್‌ಫಾರಂಗೆ ಹೋಗಲ್ಲ ಅಂತ ಹಟ ಹಿಡಿದಿದ್ದೆ. ಹೋದೆ.

ವಾಪಸ್ ಬಂದು ಆಟದ ಮೇಲೆ ಮೊರ ಕವುಚಿಟ್ಟೆ.

ಏಪ್ರಿಲ್ 3, ಶುಭ ಶುಕ್ರವಾರ

ಅಮ್ಮ ಎರಡು ಸಲ ಮೊರ ಎತ್ತಲು ಬಂದಳು. ಜಗಳ.

ಏಪ್ರಿಲ್ 5, ಪಾಸ್ಖ

ಅಪ್ಪನ ಫೋನ್. ಹಬ್ಬದ ಶುಭಾಶಯ ಹೇಳಿದ. ಊಟಕ್ಕೆ ಮೆಸ್ಸಿನಲ್ಲಿ ಅನ್ನ ಸಾರು ಅಂತೆ. ಇಲ್ಲಿ ಮಟನ್ ಅಂತ ಹೇಳಲು ಮನಸ್ಸಾಗಲಿಲ್ಲ.

“ನನ್ನ ಗರ ಬಾಕಿ ಐತಲ್ಲ. ನೀನೇ ಹಾಕು ನೋಡಾಣ.”

ಸ್ಪೀಕರ್ ಹಾಕಿ, ಮೊರ ಎತ್ತಿದೆ. ಕವಡೆ ಕುಲುಕಿ ಬಿಟ್ಟೆ. ಮೂರು ಬಾಯಿ ಮೇಲೆ, ಒಂದು ಬೋರಲು. ಒಂದೂ ಓರೆಯಾಗಿಲ್ಲ. ಮೂರು.

“ಎಷ್ಟೇ?”

ಮೂರು ಅಂದರೆ ಆಟ ಮುಗಿಯುತ್ತದೆ. ಅಮ್ಮ ನೆಲ ಒರೆಸುತ್ತಾಳೆ.

“ಎರಡು,” ಅಂದೆ.

“ಎರಡೇ?” ಅಂದ ಅಪ್ಪ. “ಹಂಗಾರೆ ಎರಡು ಮನೆ ನಡೆಸು. ಒಂದು ಉಳಿತು. ಬಂದು ಮುಗಿಸ್ತೀನಿ.”

ಪಾಸ್ಖದ ದಿನವೇ ಸುಳ್ಳು. ಅಪ್ಪನಿಗೇ, ಗರದಲ್ಲಿ. ಪಾಪನಿವೇದನೆಯಲ್ಲಿ ಇದನ್ನು ಹೇಳಲ್ಲ. ದೇವರು ನೋಡಿದ್ದರೆ ನೋಡಲಿ. ಅವನಿಗೂ ನನಗೂ ಇನ್ನೂ ರಾಜಿಯಾಗಿಲ್ಲ. ಮೊದಲು ಅಪ್ಪನನ್ನು ಕಳಿಸಲಿ, ಇಲ್ಲೇ ಈ ನೆಲದ ಮೇಲೆ ಕುಳಿತು ಅವನ ಕೈಯಾರೆ—

ಅಮ್ಮ ಬಕೆಟ್ ಹಿಡಿದು ಬಂದಳು. ಏ ಅಮ್ಮಾ, ಅಲ್ಲಿ ಮುಟ್ಟಬೇಡ—