ಮುಟ್ಟಿದವರೇ ಹೊಣೆ

ಮೋಟೆಬೆನ್ನೂರು
ಏಪ್ರಿಲ್ 31, 2148

ಹೈಬ್ರಿಡ್ ಕಾರಿನಲ್ಲಿ ಓಡಾಡುತ್ತಿರುವವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ನನ್ನ ಕೆಲವು ಪದಗಳೂ ನಿಮ್ಮ ನಿಘಂಟಿನಲ್ಲಿ ಸಿಗಲಾರವು. ಅಷ್ಟಕ್ಕೆ ಕ್ಷಮೆ ಇರಲಿ. ಉಳಿದದ್ದಕ್ಕೆ ಕ್ಷಮೆ ಕೇಳಬೇಕಾದವರು ನೀವು.

ಪೆಟ್ರೋಲು, ಬ್ಯಾಟರಿ ಎರಡರಿಂದಲೂ ಓಡುವ ನಿಮ್ಮ ಕಾರನ್ನು ನಾವು ಜೋಡುಗಾಡಿ ಎನ್ನುತ್ತೇವೆ. ಅದು ಅಪಘಾತಕ್ಕೆ ಸಿಕ್ಕರೆ ಇಲ್ಲಿ ಯಾರೂ ಓಡಿಹೋಗಿ ಬಾಗಿಲು ತೆಗೆಯುವುದಿಲ್ಲ. ಪ್ರತಿ ಕ್ರಾಸಿನಲ್ಲೂ ಹಳದಿ ಪುಡಿಯ ಡಬ್ಬಿ ಇದೆ. ಮೊದಲು ಬಂದವರು ಗಾಡಿಯ ಸುತ್ತ ಅದರಿಂದ ಗೆರೆ ಎಳೆಯಬೇಕು. ಉಳಿದವರು ಗೆರೆಯಾಚೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲಬೇಕು. ಗಾಡಿಯನ್ನು ಮುಟ್ಟುವ ಹಕ್ಕು ಮುಟ್ಟುಗಾರನಿಗೆ ಮಾತ್ರ. ಅವನು ಲೈಸೆನ್ಸು ಪಡೆದವನು; ರಬ್ಬರ್ ಕೈಗವಸು ತೊಟ್ಟು, ಕರೆಂಟು ಅಳೆದು, ಸಹಿ ಹಾಕುವವನು. ನಮ್ಮ ಮಕ್ಕಳು ಅಕ್ಷರಕ್ಕಿಂತ ಮೊದಲು ಕೈಕಟ್ಟುವುದನ್ನು ಕಲಿಯುತ್ತವೆ. ಮನೆಯಲ್ಲಿ ಅಜ್ಜಿ ಜಾರಿಬಿದ್ದರೂ ನಮ್ಮ ಕೈ ಮೊದಲು ಹೋಗುವುದು ಬೆನ್ನ ಹಿಂದಕ್ಕೇ.

ಇದು ಹುಟ್ಟಿದ್ದು ನಿಮ್ಮ ಕಾಲದ ಒಂದು ಮೊಕದ್ದಮೆಯಿಂದ. ಚಹಾದಂಗಡಿಯವನೊಬ್ಬ ಮಗುಚಿದ ಕಾರಿನಿಂದ ಮಗುವನ್ನು ಎಳೆಯಲು ಕೈ ಹಾಕಿದ. ಎಂಜಿನ್ನಿನ ಸದ್ದಿರಲಿಲ್ಲ, ಗಾಡಿ ಆಫ್ ಆಗಿದೆ ಅಂದುಕೊಂಡ. ಬ್ಯಾಟರಿಯಿಂದ ಬರುವ, ಹರಿದ ಕಿತ್ತಳೆ ಬಣ್ಣದ ಕೇಬಲ್ಲಿನಲ್ಲಿ ಕರೆಂಟಿತ್ತು, ಸತ್ತ. ಕಂಪನಿ ಗ್ಯಾರೇಜಿನತ್ತ ಬೆರಳು ತೋರಿಸಿತು, ಗ್ಯಾರೇಜು ಕಂಪನಿಯತ್ತ. ಕೊನೆಗೆ ವಿಮೆಯ ವಕೀಲ ಕೇಳಿದ: "ಮುಟ್ಟು ಅಂತ ಅವನಿಗೆ ಹೇಳಿದವರು ಯಾರು?" ನೀವು ಯಾರೂ ಉತ್ತರಿಸಲಿಲ್ಲ. ನಿಮ್ಮ ಮಕ್ಕಳು ಆ ಪ್ರಶ್ನೆಯಿಂದಲೇ ಕಾಯ್ದೆ ಮಾಡಿದರು: ಮುಟ್ಟಿದವರೇ ಹೊಣೆ.

ಹೋದ ತಿಂಗಳು, ಮಟಮಟ ಮಧ್ಯಾಹ್ನ, ನನ್ನ ಅಕ್ಕ ನೀಲಾಂಬಿಕೆಯ ಜೋಡುಗಾಡಿ ನಮ್ಮೂರ ಕ್ರಾಸಿನಲ್ಲಿ ಲಾರಿಗೆ ಗುದ್ದಿತು. ನಾನು ಓಡಿಬರುವಷ್ಟರಲ್ಲಿ ಗೆರೆ ಬಿದ್ದಾಗಿತ್ತು.

"ಮುಟ್ಟುಗಾರ ಎಲ್ಲದಾನ್ರೀ? ಹಾವೇರಿಯಾಗ ಊಟಕ್ಕ ಕುಂತಾನೇನು?" ಎಂದು ಯಾರೋ ನಕ್ಕರು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಪಕ್ಕದಲ್ಲಿದ್ದ ಮುದುಕ ತಡೆದ: "ಏ ತಂಗಿ, ಗೆರಿ ದಾಟಿದ್ರ ಹೊಣಿ ನಿಂದ ಆಗತೈತಿ. ಓದಿದಾಕಿ ಅದಿ, ನಿನಗೂ ಹೇಳಬೇಕೇನು?"

ಒಡೆದ ಗಾಜಿನೊಳಗಿಂದ ಅಕ್ಕ ನನ್ನನ್ನು ನೋಡಿದಳು. "ಚಂಪೀ, ಕಾಲು ಸಿಕ್ಕೈತಿ. ಬಾಗಲಾ ಒಂದ ಸಲ ಜಗ್ಗ."

ನಾನು ಜಗ್ಗಲಿಲ್ಲ. ಕೈಕಟ್ಟಿಕೊಂಡು ಐವತ್ತು ನಿಮಿಷ ನಿಂತೆ.

ಮುಟ್ಟುಗಾರ ಬಂದು ಅಳೆದ. ಗುದ್ದಿದ ಕ್ಷಣದಲ್ಲೇ ಕರೆಂಟು ತಾನಾಗಿ ಕಡಿದುಹೋಗಿತ್ತಂತೆ. ಆ ಬಾಗಿಲನ್ನು ಕೂಸು ಕೂಡ ಮುಟ್ಟಬಹುದಿತ್ತು. ಅಕ್ಕ ಬದುಕಿದ್ದಾಳೆ, ಎಡಗಾಲಿಲ್ಲ. ನನ್ನೊಂದಿಗೆ ಮಾತಾಡುವುದಿಲ್ಲ.

ಕರೆಂಟು ಕಡಿದದ್ದು ಕಾರಿಗೆ ಗೊತ್ತಿತ್ತು. ಹೊರಗೆ ನಿಂತವರಿಗೆ ಅದನ್ನು ಹೇಳುವ ಒಂದು ದೀಪವನ್ನು ನೀವು ಇಡಲಿಲ್ಲ. ದೀಪ ಸುಳ್ಳು ಹೇಳಿದರೆ ಹೊಣೆ ಯಾರದು ಎಂದು ನೀವು ತೆಗೆದ ತಕರಾರು ನಮ್ಮಲ್ಲಿನ್ನೂ ಮುಗಿದಿಲ್ಲ.

ಆ ದೀಪ ಇಡಿ. ತಪ್ಪಿದರೆ ಹೊಣೆ ನಮ್ಮದು ಎಂದು ಅದರ ಕೆಳಗೆ ಬರೆಯಿರಿ. ಆಗದಿದ್ದರೆ ಯಾಕಾಗದು ಎಂಬುದನ್ನು ಕಾಗದದಲ್ಲಿ ಬರೆದು ಕಳಿಸಿ. ಅಕ್ಕನ ಮಂಚದ ಪಕ್ಕ ಕೂತು ಗಟ್ಟಿಯಾಗಿ ಓದುತ್ತೇನೆ. ಅವಳಿಗೆ ಹೇಳಲು ನನ್ನ ಬಳಿ ಬೇರೆ ಮಾತಿಲ್ಲ.

ಚಂಪಾವತಿ